ರುಮಾಲಿನ ಕೆಳಗಿನ ಹೊಲಿಗೆ

ತಮ್ಮ ವಿರೂಪಾಕ್ಷಪ್ಪನ ಮೆದುಳನ್ನು ಬಳ್ಳಾರಿಯ ಆಸ್ಪತ್ರೆಯಲ್ಲಿ ಕೊಟ್ಟು, ಉಳಿದ ದೇಹವನ್ನು ಬಾಡಿಗೆ ವ್ಯಾನಿನಲ್ಲಿ ಕುರುಗೋಡಿಗೆ ತಂದೆ. ಇಪ್ಪತ್ತು ವರ್ಷ ಎದುರಿಗೆ ಇಲ್ಲದವರ ಮಾತು ಕೇಳಿಸಿಕೊಂಡು ಬದುಕಿದವನು, ಸಾವಿರದ ಒಂಬೈನೂರ ಎಂಬತ್ತೆರಡರ ಬೇಸಿಗೆಯಲ್ಲಿ ಜ್ವರಕ್ಕೆ ಹೋದ.

"ಹೀಗೆ ಮಾತು ಕೇಳಿಸೋ ರೋಗದ ಬೇರು ಎಲ್ಲಿದೆ ಅಂತ ಬೆಂಗಳೂರಲ್ಲಿ ಮೆದುಳು ಕೊಯ್ದು ನೋಡ್ತಾರಮ್ಮ. ಮುಂದಿನವರಿಗೆ ಔಷಧ ಸಿಗಬಹುದು," ಎಂದಿದ್ದರು ಡಾಕ್ಟರು.

ಮುಂದಿನವರು ಅಂದ ಕೂಡಲೇ ನನ್ನ ಕಣ್ಣಿಗೆ ಕಂಡವಳು ಮಗಳು ಕೊಟ್ರಬಸಮ್ಮ. ಹತ್ತೊಂಬತ್ತರ ಹುಡುಗಿ, ಮೂರು ತಿಂಗಳಿಂದ ನಿದ್ದೆ ಬಿಟ್ಟಿದ್ದಳು, ಯಾರೂ ಕರೆಯದಿದ್ದರೂ ತಿರುಗಿ ನೋಡುತ್ತಿದ್ದಳು. ಏನೆಂದು ಕೇಳುವ ಧೈರ್ಯ ನನಗಿರಲಿಲ್ಲ. ಸಿರುಗುಪ್ಪದ ಗಂಡಿನ ಕಡೆಯವರು ಅವಳನ್ನು ನೋಡಿ ಒಪ್ಪಿ ಹೋಗಿದ್ದರು. ಸಹಿ ಹಾಕಿಬಿಟ್ಟೆ.

ರುಮಾಲು ಸುತ್ತಿದರೆ ಹೊಲಿಗೆ ಕಾಣುವುದಿಲ್ಲ ಎಂದರು ಡಾಕ್ಟರು. ನಾನೂ ಹೂಂ ಅಂದೆ. ಮಣ್ಣು ಮಾಡುವ ಮುಂಚೆ ಜಂಗಮ ಅಯ್ಯನವರು ಸತ್ತವರ ಬರಿ ತಲೆಯ ಮೇಲೆ ಪಾದ ಇಡುವುದನ್ನು ಹುಟ್ಟಿದಾಗಿನಿಂದ ಕಂಡವಳು ನಾನು. ಆ ಹೊತ್ತಿಗೆ ನೆನಪಾಗಲಿಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ತಮ್ಮನಿಗೆ ವಿಭೂತಿ ಹಚ್ಚಿ, ಅಂಗಳದ ಗೋಡೆಗೆ ಒರಗಿಸಿ ಕೂರಿಸಿದ್ದರು. ಅಯ್ಯನವರಾದ ತಿಪ್ಪೇರುದ್ರಯ್ಯನವರು ಬಂದರು. ಗಂಡಿನ ಕಡೆಯವರೂ ಬಂದು ನಿಂತರು.

"ರುಮಾಲು ತೆಗೀರಿ. ಅಯ್ಯನೋರ ಪಾದ ಬರೇ ತಲಿ ಮ್ಯಾಲ ಬೀಳ್ಬೇಕು," ಎಂದರು ಚಿಕ್ಕಪ್ಪ ಗವಿಸಿದ್ದಪ್ಪ.

"ಬ್ಯಾಡ ಚಿಗಪ್ಪ, ಗಾಯ ಐತಿ," ಎಂದೆ.

ಅವರು ಯಾರ ಮಾತು ಕೇಳಿದವರು! ಬಿಚ್ಚಿಯೇಬಿಟ್ಟರು. ಕಿವಿಯಿಂದ ಕಿವಿಗೆ ಕರಿ ದಾರದ ಹೊಲಿಗೆ. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು.

"ಯಾವನ್ಲೇ ಕೊಯ್ದಾಂವ? ನಡೀರಿ ಬಳ್ಳಾರಿಗೆ!" ಎಂದು ಚಿಕ್ಕಪ್ಪ ಗುಡುಗಿದರು.

"ನಾನ ಮೆದುಳು ಕೊಟ್ಟೀನಿ, ಚಿಗಪ್ಪ."

"ಯಾಕ ದಾಕ್ಷಾಯಣಿ? ಯಾರ ಸಲುವಾಗಿ ಕೊಟ್ಟಿ?"

ನಿಜ ಹೇಳಿದರೆ ಮಗಳ ಮದುವೆ ಆ ಅಂಗಳದಲ್ಲೇ ಮುರಿಯುತ್ತಿತ್ತು. ಏನಾದರೂ ಒಂದು ಸುಳ್ಳು ಹೊಳೆಯಲಿ ಶಿವನೇ ಎಂದು ಬೇಡಿಕೊಂಡೆ. ಅಷ್ಟರಲ್ಲಿ ಕೊಟ್ರಬಸಮ್ಮ ಹೆಂಗಸರ ನಡುವಿನಿಂದ ಎದ್ದು ಬಂದು ನನ್ನ ಪಕ್ಕ ನಿಂತಳು.

"ನನ್ನ ಸಲುವಾಗಿ, ತಾತ. ಮಾವಗ ಕೇಳ್ತಿದ್ದ ಮಾತು ಈಗ ನನಗ ಕೇಳ್ತಾವ."

ಗಂಡಿನ ಕಡೆಯವರು ಚಪ್ಪಲಿ ಹುಡುಕತೊಡಗಿದರು. ತಿಪ್ಪೇರುದ್ರಯ್ಯನವರು ಹೊಲಿಗೆಯ ಮೇಲೆ ಮೆಲ್ಲಗೆ ಪಾದ ಇಟ್ಟರು. ನಾನು ಮಗಳ ಕೈ ಹಿಡಿದುಕೊಂಡೆ.

"ಏನಂತಾವ ಮಗಳ?"

"'ನಿಮ್ಮವ್ವ ನಿನ್ನ ಕೊಲ್ತಾಳ' ಅಂತಾವ," ಎಂದಳು. ಕೈ ಮಾತ್ರ ಬಿಡಲಿಲ್ಲ.