ಡಿಸ್ಪ್ಲೇ ಪೀಸು

"ಹಳೇ ಮಾಡೆಲ್ಲಿನ ಡಿಸ್ಪ್ಲೇ ಪೀಸೆಲ್ಲ ಇವತ್ತು ಖಾಲಿ ಆಗ್ತವೆ. ಹೆಡ್ ಆಫೀಸಿನವರು ಅಲ್ಲಿಂದಲೇ ಅಳಿಸ್ತಾರಂತೆ. ಯಾವುದಕ್ಕೆ ನೆಟ್ ಸಿಗುತ್ತೋ ಅದರ ಕತೆ ಮುಗೀತು."

ಮ್ಯಾನೇಜರು ಮಧ್ಯಾಹ್ನದ ಚಹಾ ಹೀರುತ್ತ ಇಷ್ಟು ಹೇಳಿದಾಗ, ಟ್ಯಾಬ್ಲೆಟ್ ವಿಭಾಗದ ಸೇಲ್ಸ್‌ಮನ್ನನ ಕೈಯಲ್ಲಿದ್ದ ಒರೆಸುವ ಬಟ್ಟೆ ಗಾಜಿನ ಮೇಲೆಯೇ ನಿಂತಿತು. ಅವನೆದುರಿನ ಉದ್ದನೆಯ ಮೇಜಿನ ಮೇಲೆ ತಂತಿ ಬಿಗಿದು ನಿಲ್ಲಿಸಿದ್ದ ಟ್ಯಾಬ್ಲೆಟ್ಟುಗಳು ಎಂದಿನಂತೆ ನಗುವ ಕುಟುಂಬವೊಂದನ್ನು ತೋರಿಸುತ್ತ, 'ಮುಟ್ಟಿ ನೋಡಿ, ನಿಮ್ಮದಾಗಿಸಿಕೊಳ್ಳಿ' ಎಂದು ಕರೆಯುತ್ತಿದ್ದವು.

"ಮಾರಿರೋ ಪೀಸೂ ಸೇರಿನಾ ಸಾರ್?"

"ನೀನು ತಗೊಂಡ್ಯಲ್ಲ, ಅದಾ? ಹೆಡ್ ಆಫೀಸಿನ ಲಾಕಿಂದ ಬಿಡುಗಡೆ ಮಾಡಿಸ್ಕೊ ಅಂತ ಆವತ್ತೇ ಹೇಳಿದ್ನಲ್ಲಯ್ಯ. ಬಿಡುಗಡೆ ಆಗಿದ್ರೆ ನಿನ್ನದು, ಇಲ್ದಿದ್ರೆ ಇನ್ನೂ ಕಂಪನೀದೇ ಅಂತ ಲೆಕ್ಕ. ಮಾಡಿಸ್ಕೊಂಡ್ಯೋ ಇಲ್ವೋ?"

"ಮಾಡಿಸ್ಕೊಂಡೆ ಸಾರ್."

ಮಾಡಿಸಿಕೊಂಡಿರಲಿಲ್ಲ.

ಅಕ್ಕನ ಮನೆಯಲ್ಲಿ ಅವನ ಮಾತಿಗಿದ್ದ ತೂಕ ಅಂಗಡಿಯಲ್ಲಿ ಎಂದೂ ಇರಲಿಲ್ಲ. ಅಲ್ಲಿ ಮಿಕ್ಸಿಯಾಗಲಿ, ಫ್ಯಾನಾಗಲಿ, ಅವನು 'ಹೂಂ' ಎನ್ನದೆ ಹೊಸ್ತಿಲು ದಾಟುತ್ತಿರಲಿಲ್ಲ. "ತಮ್ಮನ್ನ ಒಂದು ಮಾತು ಕೇಳ್ಬೇಕು" ಎಂಬುದು ಅಕ್ಕನ ಬಾಯಿಪಾಠ. ಅವಳ ಮಗಳಿಗೆ, ಹುಟ್ಟುವಾಗ ಅಂಗೈಯಗಲ ಇದ್ದಳೆಂದು ಎಲ್ಲರೂ ಗುಬ್ಬಿ ಎಂದೇ ಕರೆಯುವ ಹುಡುಗಿಗೆ, ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಲು ಸೀಟು ಸಿಕ್ಕಾಗ ಟ್ಯಾಬ್ಲೆಟ್ಟಿನ ಪ್ರಶ್ನೆಯೂ ಅವನೆದುರೇ ಬಂತು. ಸೂಕ್ಷ್ಮದರ್ಶಕದಡಿ ಕಂಡ ಕಾಂಡವನ್ನೂ ಬೇರನ್ನೂ ಗುಬ್ಬಿ ಅದರಲ್ಲಿ ಬಿಡಿಸಬೇಕಿತ್ತು. ಕಿಟಕಿ ಪರದೆ ಹೊಲಿದು ಕೊಡುವ ಅಕ್ಕನಿಗೆ ಗಿರಾಕಿಗಳಿಗೆ ಬಟ್ಟೆಯ ಮಾದರಿ ತೋರಿಸಲು ಬೇಕಿತ್ತು. ಕಣ್ಣು ಮಂದವಾದ ಭಾವನಿಗೆ ಪತ್ರಿಕೆಯ ಅಕ್ಷರ ಹಿಗ್ಗಿಸಿ ಓದಲು ಬೇಕಿತ್ತು. ಬೆಲೆ ಮಾತ್ರ ಕೈಗೆಟುಕುವಂತಿರಬೇಕು.

ಗುಬ್ಬಿ ತಾನೇ ನಾಲ್ಕು ಕಡೆ ವಿಚಾರಿಸಿ ಒಂದನ್ನು ಗೊತ್ತುಮಾಡಿಕೊಂಡು ಬಂದಿದ್ದಳು. "ಮಾವ, ಈ ಸಾದಾದ್ದೇ ಸಾಕು. ಬೇರೆ ಕಂಪನಿ ಪೆನ್ನೂ ಇದಕ್ಕೆ ಹೊಂದುತ್ತೆ. ನಮಗೆ ಬೇಕಾದ್ದೆಲ್ಲ ಇದೆ."

ಅವನು ನಕ್ಕಿದ್ದ. "ಅದು ಟ್ಯಾಬ್ಲೆಟ್ಟಲ್ಲಮ್ಮ, ಫೋಟೋ ಫ್ರೇಮು. ಗೋಡೆಗೆ ನೇತುಹಾಕ್ಬಹುದು. ಮಾವ ಇದೇ ಅಂಗಡೀಲಿದ್ದು ನೀನು ಅಂಥದ್ದನ್ನ ಹಿಡ್ಕೊಂಡು ಹೋದ್ರೆ ನನ್ನ ಮುಖಕ್ಕೆ ಏನು ಬೆಲೆ? ಕೂಡಿಟ್ಟಿರೋದನ್ನ ಕೊಡಿ, ಪೆನ್ ಸಮೇತ ದೊಡ್ಡದೇ ತರ್ತೀನಿ. ಸ್ಟಾಫ್ ರೇಟು ಅಂತ ಒಂದಿರುತ್ತೆ, ಹೊರಗಿನವರಿಗೆ ಗೊತ್ತಾಗಲ್ಲ."

ಸ್ಟಾಫ್ ರೇಟು ಇದ್ದದ್ದು ನಿಜ. ಅವನು ಹೇಳಿದಷ್ಟು ಅಗ್ಗವಾಗಿರಲಿಲ್ಲ. ಆಡಿದ ಮಾತನ್ನು ಹಿಂತೆಗೆದುಕೊಳ್ಳಲಾಗದೆ, ಮೇಜಿನ ಮೇಲೆ ವರ್ಷವಿಡೀ ಕಂಡವರ ಕೈಗೆಲ್ಲ ಸಿಕ್ಕಿದ್ದ ಡಿಸ್ಪ್ಲೇ ಪೀಸೊಂದನ್ನು ಅಕ್ಕ ಕೊಟ್ಟ ಹಣದಲ್ಲೇ ಕೊಂಡ. "ಏನಯ್ಯ, ಸ್ವಂತ ಅಕ್ಕನ ಮಗಳಿಗೆ ಊರೆಲ್ಲ ಮುಟ್ಟಿದ್ದನ್ನ ಕೊಡ್ತೀಯಾ?" ಎಂದು ಮ್ಯಾನೇಜರು ಕೌಂಟರಿನಲ್ಲಿ ಕೇಳಿದಾಗ ಸಹೋದ್ಯೋಗಿಗಳೆಲ್ಲ ನಕ್ಕರು. ಆ ನಗು ಬೆನ್ನಿಗೆ ಅಂಟಿಕೊಂಡಿತು. ಹೆಡ್ ಆಫೀಸಿನಿಂದ ಬಿಡುಗಡೆ ಮಾಡಿಸಿಕೊಳ್ಳಲು ಮತ್ತೆ ಅದೇ ಮ್ಯಾನೇಜರ ಮುಂದೆ ಹೋಗಿ ನಿಲ್ಲಬೇಕಿತ್ತು. ಅವನು ಹೋಗಲಿಲ್ಲ. ಜಾಹೀರಾತನ್ನು ಮರೆಮಾಡುವ ಒಂದು ಅಡ್ಡದಾರಿ ಸೇಲ್ಸ್‌ಮನ್ನುಗಳಿಗೆಲ್ಲ ಗೊತ್ತು. ಅದನ್ನೇ ಹಿಡಿದು, ಪರದೆಗೆ ಹೊಸ ಹಾಳೆ ಅಂಟಿಸಿ, ಖಾಲಿ ಡಬ್ಬವೊಂದರಲ್ಲಿಟ್ಟು, "ನಿನ್ನೆ ತಾನೇ ಬಂದ ಸ್ಟಾಕು" ಎಂದು ಅಕ್ಕನ ಕೈಗಿತ್ತಿದ್ದ.

ಈಗ ಆ ಟ್ಯಾಬ್ಲೆಟ್ಟಿನಲ್ಲಿ ಗುಬ್ಬಿಯ ಇಡೀ ಸೆಮಿಸ್ಟರಿನ ಚಿತ್ರಗಳಿದ್ದವು. ಅವನ್ನು ಒಪ್ಪಿಸಬೇಕಾದದ್ದು ನಾಳೆ.

ಅವನು ಸಾಮಾನು ಇಡುವ ಕೋಣೆಗೆ ಹೋಗಿ ಗುಬ್ಬಿಗೆ ಫೋನು ಮಾಡಿದ. ಸ್ವಿಚ್ ಆಫ್. ಪ್ರಯೋಗಾಲಯದಲ್ಲಿರುವಾಗ ಅವಳು ಫೋನು ಆರಿಸಿಡುತ್ತಾಳೆ. ಅಕ್ಕನಿಗೆ ಮಾಡಿದ. ಹೊಲಿಗೆ ಯಂತ್ರದ ಸದ್ದಿನ ಹಿಂದಿನಿಂದ ಅವಳ ದನಿ ಬಂತು.

"ಏನೋ, ಹಗಲು ಹೊತ್ತಲ್ಲಿ ಅಕ್ಕನ ನೆನಪಾಯ್ತಾ? ಗಿರಾಕಿಗಳು ಯಾರೂ ಇಲ್ವಾ?"

"ಅಕ್ಕ, ಗುಬ್ಬಿ ಟ್ಯಾಬ್ಲೆಟ್ಟು ಎಲ್ಲಿದೆ?"

"ಇಲ್ಲೇ ಚಾರ್ಜಿಗಿಟ್ಟು ಹೋಗಿದಾಳೆ. ಯಾಕೆ?"

"ಅದರ ನೆಟ್ ಆನ್ ಇದೆಯಾ?"

"ಅವಳು ಅದನ್ನ ಯಾವತ್ತು ಆನ್ ಮಾಡ್ತಾಳೆ? ಬ್ಯಾಟರಿ ಉಳೀಬೇಕಂತೆ. ನಾನೇನಾದ್ರೂ ಹಾಕಿದ್ರೆ ಬಂದು ತೆಗೀತಾಳೆ. ಮಹಾ ಜಿಪುಣಿ, ನಿನ್ನ ಹಾಗಲ್ಲ."

ಹಾಗಾದರೆ ಇನ್ನೂ ಏನೂ ಅಳಿಸಿಲ್ಲ. ಈಗ ಒಂದೇ ಮಾತು ಸಾಕಿತ್ತು: ಅಕ್ಕ, ಅದು ಹೊಸದಲ್ಲ, ನೆಟ್ ಹಾಕಿದರೆ ಎಲ್ಲ ಅಳಿಸಿಹೋಗುತ್ತದೆ.

"ಇವತ್ತು ಒಂದು ವೈರಸ್ ಬಂದಿದೆಯಂತೆ," ಎಂದ. "ಅದನ್ನ ಮುಟ್ಬೇಡ. ಸಂಜೆ ನಾನೇ ಬಂದು ನೋಡ್ತೀನಿ."

"ಅಯ್ಯೋ, ನಾಳೆ ಅವಳದ್ದು ಒಪ್ಸೋದಿದೆ ಕಣೋ."

"ಅದಕ್ಕೇ ಹೇಳಿದ್ದು. ನಾನು ಬರ್ತೀನಿ ಅಂದ್ನಲ್ಲ."

ತಲೆನೋವೆಂದು ಮ್ಯಾನೇಜರಿಗೆ ಇನ್ನೊಂದು ಸುಳ್ಳು ಹೇಳಿ ಅವನು ಬಸ್ಸು ಹತ್ತಿದ. ಕಿಟಕಿಯ ಪಕ್ಕದಲ್ಲಿ ಕುಳಿತು ಮುಂದಿನದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡ. ಚಿತ್ರಗಳನ್ನು ತಂತಿಯ ಮೂಲಕ ಬೇರೆಡೆಗೆ ಸಾಗಿಸುವುದು. ಟ್ಯಾಬ್ಲೆಟ್ಟನ್ನು ರಿಪೇರಿಯ ನೆಪದಲ್ಲಿ ಒಯ್ಯುವುದು. ಗುಟ್ಟಾಗಿ ಬಿಡುಗಡೆ ಮಾಡಿಸಿ ತಂದುಕೊಡುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಲ್ಲವೂ ಹೊಂದಿಕೊಂಡಿತು ಎನ್ನುವಾಗ, ಎದುರಿನ ಸೀಟಿನಲ್ಲಿ ಒಬ್ಬಾತ ಪಕ್ಕದವಳಿಗೆ ಫೋನು ತೋರಿಸುತ್ತ "ಮೊದಲು ಅಪ್‌ಡೇಟ್ ಮಾಡು" ಎನ್ನುತ್ತಿದ್ದುದು ಕಿವಿಗೆ ಬಿತ್ತು.

ಅವನು ಸೀಟಿನಿಂದ ಎದ್ದು ನಿಂತ.

ಆ ಮಾತು ಅವನದೇ. ಅಕ್ಕನ ಮನೆಯಲ್ಲಿ ಊಟದೆಲೆಯ ಮುಂದೆ ಕುಳಿತು ಅವನು ಎಷ್ಟು ಸಲ ಉಪದೇಶಿಸಿರಲಿಲ್ಲ: ವೈರಸ್ ಗಿರಸ್ ಅಂದರೆ ಹೆದರಬಾರದು, ನೆಟ್ ಹಾಕಿ ಅಪ್‌ಡೇಟ್ ಮಾಡಬೇಕು, ಅದೇ ಅದಕ್ಕೆ ಮದ್ದು. ಅಕ್ಕ ಅವನು ಹೇಳಿದ್ದನ್ನು ಮರೆಯುವವಳಲ್ಲ. ಫೋನು ಮಾಡಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದ. ನಿಲ್ದಾಣ ಬರುವ ಮುಂಚೆಯೇ, ಸಿಗ್ನಲ್ಲಿನಲ್ಲಿ ನಿಂತ ಬಸ್ಸಿನಿಂದ ಇಳಿದು ಓಡಿದ.

ಬಾಗಿಲು ತೆರೆದೇ ಇತ್ತು. ಹೊಲಿಗೆ ಯಂತ್ರದ ಸದ್ದು ಇರಲಿಲ್ಲ. ಅರ್ಧ ಹೊಲಿದ ನೀಲಿ ಪರದೆ ನೆಲಕ್ಕೆ ಜಾರಿಬಿದ್ದಿತ್ತು. ಅಕ್ಕ ಅದರ ಪಕ್ಕದಲ್ಲೇ, ಟ್ಯಾಬ್ಲೆಟ್ಟನ್ನು ಜ್ವರ ಬಂದ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅದರಲ್ಲಿ ಕುಟುಂಬವೊಂದು ನಗುತ್ತಿತ್ತು.

'ಮುಟ್ಟಿ ನೋಡಿ, ನಿಮ್ಮದಾಗಿಸಿಕೊಳ್ಳಿ.'

"ನೀನು ಮುಟ್ಬೇಡ ಅಂದೆ," ಎಂದಳು ಅಕ್ಕ ತಲೆಯೆತ್ತದೆ. "ನಾನು ಮುಟ್ಟಿದೆ ಕಣೋ. ವೈರಸ್ ಒಳಗೆ ಹೋಗೋಕೆ ಮುಂಚೆ ಮದ್ದು ಹಾಕೋಣ ಅಂತ ನೆಟ್ ಹಾಕಿದೆ. ಒಂದ್ಸಲ ಕಪ್ಪಾಯ್ತು. ಆಮೇಲಿಂದ ಇವರು ಹೀಗೇ ನಗ್ತಾ ಇದಾರೆ. ಮಗಳ ಚಿತ್ರ ಒಂದೂ ಇಲ್ಲ."

ಅವನು ಬಾಗಿಲ ಬಳಿಯೇ ನಿಂತ.

"ಕೈ ಸುಮ್ನಿರಲ್ಲ ನಂದು. ಬುದ್ಧಿಯಿಲ್ಲದವಳು. ಅವಳು ಬಂದ್ರೆ ಏನಂತ ಹೇಳ್ಲಿ? ನೀನೇ ಏನಾದ್ರೂ ಮಾಡೋ, ನಿಂಗೆ ಇವೆಲ್ಲ ಗೊತ್ತು."

ಅವಳಿಗೆ ಏನೂ ಗೊತ್ತಾಗಿಲ್ಲ. ಅವನ ಮನಸ್ಸು ಮೊದಲು ಹಿಡಿದುಕೊಂಡದ್ದು ಈ ಒಂದು ಸಂಗತಿಯನ್ನು. ಸುಮ್ಮನಿದ್ದರೆ ಸಾಕು, ತಪ್ಪು ಅಕ್ಕನ ಮಡಿಲಲ್ಲೇ ಉಳಿಯುತ್ತದೆ, ಅವಳು ಅದನ್ನು ಜನ್ಮವಿಡೀ ತನ್ನದೆಂದೇ ಹೊತ್ತುಕೊಂಡಿರುತ್ತಾಳೆ. ಅಕ್ಕ ಎದ್ದು ಅವನಿಗೆ ನೀರು ತಂದುಕೊಟ್ಟಳು. ಓಡಿಬಂದವನ ಬೆವರು ನೋಡಿ ಕಣ್ಣೊರೆಸಿಕೊಂಡಳು. ಅವನು ನೀರು ಕುಡಿದ. ಲೋಟ ಖಾಲಿಯಾದ ಮೇಲೂ ತುಟಿಯಿಂದ ಇಳಿಸಲಿಲ್ಲ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಗುಬ್ಬಿ ಚಪ್ಪಲಿ ಬಿಡುತ್ತಲೇ ಒಳಗೆ ನೋಡಿದಳು: ಅಮ್ಮನ ಮುಖ, ಮಾವನ ಕೈಯ ಲೋಟ, ಟ್ಯಾಬ್ಲೆಟ್ಟಿನ ಪರದೆ.

"ನಾನೇ ಹಾಳು ಮಾಡ್ದೆ ಗುಬ್ಬಿ," ಎಂದಳು ಅಕ್ಕ. "ಮಾವ ಬೇಡ ಅಂದಿದ್ದ. ಪಾಪ, ಅವನು ಕೆಲಸ ಬಿಟ್ಟು ಓಡಿ ಬಂದಿದಾನೆ."

ಗುಬ್ಬಿ ಅಳಲಿಲ್ಲ. "ಏನೂ ಹೋಗಿಲ್ಲಮ್ಮ. ಬಿಡ್ಸಿದ್ದನ್ನೆಲ್ಲ ಅವತ್ತವತ್ತೇ ಲ್ಯಾಬಿನ ಕಂಪ್ಯೂಟರಿಗೆ ಹಾಕ್ತಿದ್ದೆ. ನಿನ್ನೆ ಮನೇಲಿ ಬಿಡ್ಸಿದ್ದು ಒಂದು ಹೋಗಿರುತ್ತೆ, ಅದನ್ನ ಕಾಗದದ ಮೇಲೆ ಬಿಡಿಸ್ಕೊಡ್ತೀನಿ. ನೀನು ಮುಖ ತೊಳ್ಕೊ ಹೋಗು."

ಅಕ್ಕ ಬಚ್ಚಲಿಗೆ ಹೋದಳು. ನಲ್ಲಿಯ ನೀರಿನ ಸದ್ದು ಕೇಳಿದ ಮೇಲೆಯೇ ಗುಬ್ಬಿ ಅವನ ಹತ್ತಿರ ಬಂದಳು. ದನಿ ತಗ್ಗಿಸಿದಳು.

"ಮಾವ, ಅಂಗಡಿಯವರಿಗೆ ಗೊತ್ತಾಯ್ತಾ?"

"ಏನು ಗೊತ್ತಾಗೋದು?"

"ಇದು ಅಲ್ಲೀದು ಅಂತ." ಅವಳು ನೆಲ ನೋಡುತ್ತಿದ್ದಳು. "ತಂದ ದಿನವೇ ಇದರೊಳಗೆ ಫೋಟೋಗಳಿದ್ವು. ಯಾರದ್ದೋ ಮೂಗು, ಯಾರದ್ದೋ ಮಕ್ಕಳು, ನಿಮ್ಮ ಅಂಗಡಿ ಸೂರು. ಒಂದರಲ್ಲಿ ನೀವೂ ಇದ್ರಿ, ಯಾರಿಗೋ ಕೈ ಮುಗೀತಾ. ಹೊಸದು ಅಂದಿದ್ರಲ್ಲ, ಅದಕ್ಕೇ ಅಮ್ಮನಿಗೆ ತೋರಿಸ್ದೆ ಅಳಿಸ್ದೆ. ನೆಟ್ ಹಾಕಿದ್ರೆ ಎಲ್ಲಿದೆ ಅಂತ ಅವರಿಗೆ ಗೊತ್ತಾಗುತ್ತೇನೋ ಅಂತ ಆಫ್ ಇಡ್ತಿದ್ದೆ. ಯಾವತ್ತಾದ್ರೂ ವಾಪಸ್ ಕೇಳಿದ್ರೆ ಕೊಟ್ಟುಬಿಡೋಣ ಅಂತ ಎಲ್ಲ ಬೇರೆ ಕಡೆ ಇಟ್ಟಿದೀನಿ. ಕೊಟ್ಟುಬಿಡೋಣ ಮಾವ. ನಿಮ್ಮ ಕೆಲಸ ಉಳೀಲಿ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದಾಗ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಈ ಹುಡುಗಿ ಇಷ್ಟು ಕಾಲವೂ ಅವನನ್ನು ಕಳ್ಳನೆಂದು ತಿಳಿದಿದ್ದಳು. ತಿಳಿದೂ ಪ್ರತಿ ಭಾನುವಾರ ಅವನಿಗೆ ಬಡಿಸಿದ್ದಳು. ಅವನ ಉಪದೇಶಕ್ಕೆಲ್ಲ ತಲೆಯಾಡಿಸಿದ್ದಳು.

"ಕದ್ದಿದ್ದಲ್ಲ ಗುಬ್ಬಿ. ದುಡ್ಡು ಕೊಟ್ಟು ತಗೊಂಡಿದ್ದು. ಡಿಸ್ಪ್ಲೇ ಪೀಸು, ಅಷ್ಟೇ. ಹೊಸದು ಅಂದಿದ್ದು ಸುಳ್ಳು."

"ಹೂಂ," ಎಂದಳು ಗುಬ್ಬಿ.

ಹಠ ಹಿಡಿದ ಮಕ್ಕಳನ್ನು ಸಮಾಧಾನಪಡಿಸುವಾಗ ದೊಡ್ಡವರು ಹೇಳುವ ಹೂಂ ಅದು. ಅವಳು ನಂಬಿರಲಿಲ್ಲ. ನಂಬುವಂತೆ ಮಾಡಲು ಅವನ ಬಳಿ ಮಾತು ಉಳಿದಿರಲಿಲ್ಲ. ಇದ್ದ ಮಾತನ್ನೆಲ್ಲ ಅವನು ಮೊದಲೇ ಖರ್ಚು ಮಾಡಿಯಾಗಿತ್ತು.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅವನು ಲೋಟವನ್ನು ಕೆಳಗಿಟ್ಟ.

"ಅಕ್ಕ, ನೀನು ಏನೂ ಹಾಳು ಮಾಡ್ಲಿಲ್ಲ. ವೈರಸ್ಸೂ ಇರ್ಲಿಲ್ಲ." ಆಮೇಲೆ ಎಲ್ಲವನ್ನೂ ಹೇಳಿದ: ಸ್ಟಾಫ್ ರೇಟು, ಮೇಜಿನ ಮೇಲಿದ್ದ ಪೀಸು, ಖಾಲಿ ಡಬ್ಬ, ಇಂದು ಮಧ್ಯಾಹ್ನ ಫೋನಿನಲ್ಲಿ ಹೇಳದೆ ಬಿಟ್ಟ ಮಾತು. ಹೇಳುತ್ತಿರುವಷ್ಟು ಹೊತ್ತೂ ಪರದೆಯಲ್ಲಿ ಆ ಕುಟುಂಬ ನಗುತ್ತಲೇ ಇತ್ತು.

ಅಕ್ಕ ನೆಲಕ್ಕೆ ಬಿದ್ದ ನೀಲಿ ಪರದೆಯನ್ನೆತ್ತಿ ಧೂಳು ಕೊಡವಿದಳು.

"ನಾನು ನೀರು ತಂದುಕೊಟ್ಟೆ," ಎಂದಳು ಕೊನೆಗೆ. "ನಾನು ಅಳ್ತಿದ್ದೆ, ನೀನು ಕುಡಿದೆ. ನಂಗೆ ನೋವಾಗಿದ್ದು ಹಳೇದು ತಂದಿದ್ದಕ್ಕಲ್ಲ ಕಣೋ. ಹಳೇದು ಅಂದಿದ್ರೆ ಬೇಡ ಅಂತಿದ್ವಾ? ಈ ಮನೇಲಿ ಹೊಸದು ಏನಿದೆ, ನನ್ನ ಗಂಡನ್ನ ಸೇರ್ಸಿ?"

ಯಾರೂ ನಗಲಿಲ್ಲ. ಅವಳು ಯಂತ್ರದ ಮುಂದೆ ಕುಳಿತು ಸೂಜಿಗೆ ದಾರ ಪೋಣಿಸತೊಡಗಿದಳು. ದಾರ ಮತ್ತೆ ಮತ್ತೆ ತಪ್ಪಿತು.

"ನಾಳೆ ಬೆಳಿಗ್ಗೆ ಬಿಡುಗಡೆ ಮಾಡಿಸೋಕೆ ಕೊಡ್ತೀನಿ," ಎಂದ ಅವನು ಗುಬ್ಬಿಗೆ.

"ನಾನೂ ಬರ್ತೀನಿ," ಎಂದಳು ಗುಬ್ಬಿ. "ಯೂನಿವರ್ಸಿಟಿಗೆ ಹೋಗೋ ದಾರೀಲೇ ಅಲ್ವಾ."

ದಾರಿ ಅದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ಬಾ," ಎಂದ.

ಮರುದಿನ ಅಂಗಡಿಯ ಶಟರು ಆಗಷ್ಟೇ ಮೇಲೇರಿತ್ತು. ಸಹೋದ್ಯೋಗಿಗಳು ಮೇಜು ಒರೆಸುತ್ತಿದ್ದರು. ಅವನು ಟ್ಯಾಬ್ಲೆಟ್ಟನ್ನು ಎಲ್ಲರೆದುರೇ ಕೌಂಟರಿನ ಮೇಲಿಟ್ಟು, ಬಿಡುಗಡೆ ಮಾಡಿಸಿರಲಿಲ್ಲ, ನಿನ್ನೆ ಸುಳ್ಳು ಹೇಳಿದೆ ಎಂದ. ಮ್ಯಾನೇಜರು ಅದನ್ನು ತಿರುಗಿಸಿ ನೋಡಿ, ಆಮೇಲೆ ಅವನ ಹಿಂದೆ ನಿಂತ ಹುಡುಗಿಯನ್ನು ನೋಡಿದರು.

"ಇವಳೇನಾ ಅಕ್ಕನ ಮಗಳು? ಏನಮ್ಮ, ನಿಮ್ಮ ಮಾವ ದುಡ್ಡು ಎಣಿಸಿ ಕೊಟ್ಟು, ಊರೆಲ್ಲ ಮುಟ್ಟಿದ ಪೀಸನ್ನ ನಿನಗೆ ಅಂತ ತಗೊಂಡ್ನಲ್ಲ, ಸಿಟ್ಟು ಬರಲ್ವಾ ನಿಂಗೆ? ಆವತ್ತು ಇಡೀ ಅಂಗಡಿ ನಕ್ಕಿತ್ತು ಇವನನ್ನ ನೋಡಿ."

ಸಹೋದ್ಯೋಗಿಗಳು ಇಂದೂ ನಕ್ಕರು. ಯಾವ ನಗುವಿಗೆ ಹೆದರಿ ಅವನು ಇಷ್ಟೆಲ್ಲ ಮಾಡಿದ್ದನೋ, ಅದೇ ನಗು. ಅವನು ತಲೆ ತಗ್ಗಿಸಲಿಲ್ಲ. ಮ್ಯಾನೇಜರು ಇನ್ನೊಂದು ಸಲ ಹೇಳಲಿ, ಇನ್ನೂ ಗಟ್ಟಿಯಾಗಿ ಹೇಳಲಿ ಎಂದು ಕಾಯುವವನಂತೆ ನಿಂತು ಗುಬ್ಬಿಯ ಮುಖವನ್ನೇ ನೋಡುತ್ತಿದ್ದ.

ಗುಬ್ಬಿಯ ಕಣ್ಣು ಮ್ಯಾನೇಜರಿಂದ ಅವನತ್ತ ಬಂತು. ಚೀಲದ ಪಟ್ಟಿಯನ್ನು ಬಿಗಿಹಿಡಿದಿದ್ದ ಅವಳ ಬೆರಳು ಸಡಿಲವಾದವು. ಕಿವಿಯವರೆಗೂ ಮುಖ ಕೆಂಪೇರಿತು. ಈ ಬಾರಿ ನಾಚಿಕೆ ಅವಳದ್ದಾಗಿತ್ತು, ಅದನ್ನೂ ಅವಳಿಗೆ ಕೊಟ್ಟವನು ಅವನೇ.

"ಸಿಟ್ಟೇನಿಲ್ಲ ಸಾರ್," ಎಂದಳು ಗುಬ್ಬಿ. "ಇದರಲ್ಲಿ ಚಿತ್ರ ಚೆನ್ನಾಗೇ ಬರುತ್ತೆ."