ಬೋರ್ಡಿನ ಮೇಲಿನ ಮೊದಲ ಹೆಸರು

ರಕ್ತ ಪರೀಕ್ಷೆಯ ಟ್ಯೂಬುಗಳಿಗೆ ಲೇಬಲ್ ಮುದ್ರಿಸುವ ತಂತ್ರಾಂಶ ಅದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಒಳಗಿನ ಕೋಡ್ ತೆರೆದು ನೋಡಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಹಾಗೆ ಕಳಿಸಿದ ತಿದ್ದುಪಡಿಗೆ ಪ್ಯಾಚ್ ಅನ್ನುತ್ತಿದ್ದರು. ಇನ್ನೊಬ್ಬರು ಓದಿ ಸರಿ ಅಂದಮೇಲೇ ಅದು ಒಳಗೆ ಸೇರುತ್ತಿತ್ತು. ಅಕ್ಕ ತನ್ನ ಆಫೀಸು ಮುಗಿಸಿ ಬಿಡುವಿನಲ್ಲಿ ಈ ಕೆಲಸ ಮಾಡುತ್ತಿದ್ದಳು. ತಂಗಿ ಲ್ಯಾಬೊಂದರಲ್ಲಿ ಕೂತು ಅದೇ ಲೇಬಲ್‌ಗಳನ್ನು ಟ್ಯೂಬಿಗೆ ಅಂಟಿಸುತ್ತಿದ್ದಳು.

ಪ್ಯಾಚ್‌ಗಳು ಮೇಲ್‌ನಲ್ಲಿ ಬಂದು ಮೇಲ್‌ನಲ್ಲೇ ಹೂತುಹೋಗುತ್ತಿದ್ದವು. ಕಳಿಸಿದವರು ಕಾದು ಕಾದು ಬೇಸತ್ತು ಬೇರೆ ದಾರಿ ಹಿಡಿಯುತ್ತಿದ್ದರು. ಈ ತಂತ್ರಾಂಶ ಶುರುಮಾಡಿದವರನ್ನು ಎಲ್ಲರೂ ದೊಡ್ಡಪ್ಪ ಅಂತಲೇ ಕರೆಯುತ್ತಿದ್ದದ್ದು. ಹೊಸಬರ ಪ್ಯಾಚ್‌ಗಳನ್ನು ಅವರೇ ಬೇಕಂತ ಅದುಮಿಡುತ್ತಾರೆ ಅನ್ನುವ ಗುಮಾನಿ ಅಕ್ಕನಿಗೆ. ಅದಕ್ಕೇ ತಂತ್ರಾಂಶದ ವೆಬ್‌ಸೈಟಿನಲ್ಲಿ ಎಲ್ಲರ ಕಣ್ಣಿಗೂ ಬೀಳುವಂಥ ಒಂದು ಬೋರ್ಡ್ ಮಾಡಿದಳು. ಯಾವ ಪ್ಯಾಚ್ ಯಾವಾಗಿನಿಂದ ಕಾಯುತ್ತಿದೆ, ಯಾರ ಕೈಯಲ್ಲಿದೆ, ಎಲ್ಲ ಅದರಲ್ಲಿ ಕಾಣುತ್ತಿತ್ತು. ಹುರುಪು ಬರಲಿ ಅಂತ, ಹೆಚ್ಚು ಪ್ಯಾಚ್ ನೋಡಿ ಮುಗಿಸಿದವರ ಹೆಸರನ್ನು ಮೇಲ್ತುದಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಿದಳು.

ದೊಡ್ಡಪ್ಪ ಫೋನಿನಲ್ಲಿ ಸಿಡಿಮಿಡಿಗುಟ್ಟಿದರು. "ಏನಮ್ಮಾ, ನನ್ನ ಮೇಲೆ ಕಾವಲು ಹಾಕ್ತಿದ್ದೀಯಾ?"

"ಕಾವಲಲ್ಲ ದೊಡ್ಡಪ್ಪಾ, ಕಾಯ್ತಾ ಇರೋರಿಗೆ ಗೊತ್ತಾಗ್ಲಿ ಅಂತ."

"ಓದೋಕೆ ಹೊತ್ತು ಬೇಕಮ್ಮಾ. ಇದು ಕೋಡ್, ಸಿನಿಮಾ ಪೋಸ್ಟರ್ ಅಲ್ಲ."

ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ ಅಂದುಕೊಂಡಳು ಅಕ್ಕ.

ಬೋರ್ಡ್ ಬಂದ ಮೇಲೆ ಹೊಸಬನೊಬ್ಬ ಬಂದು ಸೇರಿದ. ಹಳೇ ಪ್ಯಾಚ್‌ಗಳನ್ನು ಒಂದಾದ ಮೇಲೊಂದು ಕೈಗೆತ್ತಿಕೊಂಡು "ಚೆನ್ನಾಗಿದೆ, ಸೇರಿಸಬಹುದು" ಎಂದು ಬರೆಯತೊಡಗಿದ. ಎಲ್ಲರೂ ಖುಷಿಯಾಗಿ ಅವನಿಗೆ ಚುರುಕಪ್ಪ ಅಂತ ಹೆಸರಿಟ್ಟರು. ಬೋರ್ಡ್ ಖಾಲಿಯಾಗುತ್ತಾ ಬಂತು. ಅಕ್ಕನೂ ಮೊದಮೊದಲು ಬೀಗಿದಳು. ಆಮೇಲೆ ಒಳಗೊಳಗೇ ಏನೋ ಕೊರೆಯತೊಡಗಿತು. ಈ ಪುಣ್ಯಾತ್ಮ ಯಾರಿಗೂ ಒಂದೇ ಒಂದು ಪ್ರಶ್ನೆ ಕೇಳಿದ್ದಿಲ್ಲವಲ್ಲ!

ಒಂದು ಮಧ್ಯಾಹ್ನ ತಂಗಿಯ ಫೋನ್ ಬಂತು.

"ಅಕ್ಕಾ, ಇವತ್ತು ಒಂದೇ ಹೆಸರಿನ ಇಬ್ಬರು ಬಂದಿದ್ರು. ಇಬ್ಬರ ಟ್ಯೂಬಿಗೂ ಒಂದೇ ನಂಬರ್ ಬಂದಿದೆ ಕಣೆ. ನಾನು ನೋಡದೆ ಮೆಷಿನ್ನಿಗೆ ಹಾಕಿಬಿಟ್ಟಿದ್ರೆ?"

"ಹಾಕಿಲ್ಲ ತಾನೇ?"

"ಇಲ್ಲ. ಇಬ್ಬರನ್ನೂ ಕೂರಿಸಿ ಮತ್ತೆ ರಕ್ತ ತಗೊಂಡೆ. ಬೈಸಿಕೊಂಡೆ, ಬಿಡು. ನಿಮ್ಮೋರು ಓದಿ ಸೇರಿಸ್ತಾರೋ, ಕಣ್ಮುಚ್ಚಿಕೊಂಡು ಸೇರಿಸ್ತಾರೋ?"

ಅಕ್ಕ ಹುಡುಕಿದಳು. ತಪ್ಪು ನುಸುಳಿದ್ದು ಚುರುಕಪ್ಪ ಒಪ್ಪಿದ ಪ್ಯಾಚ್‌ನಲ್ಲೇ. ಮೊದಲು ಅದನ್ನು ತೆಗೆದುಹಾಕಿದಳು. ಇವನು ಸೋಮಾರಿಯೋ, ಇಲ್ಲಾ ಬೇಕಂತಲೇ ಒಳಗೆ ಬಂದು ಕೆಡಿಸುತ್ತಿದ್ದಾನೋ? ಲೇಬಲ್ ಅದಲುಬದಲಾದರೆ ಯಾರಿಗೆ ಲಾಭ? ಯೋಚಿಸಿದಷ್ಟೂ ತಲೆ ಕೆಟ್ಟಿತು. ಕೊನೆಗೆ ದೊಡ್ಡಪ್ಪನಿಗೇ ಫೋನ್ ಮಾಡಿದಳು. ನಿನ್ನ ಬೋರ್ಡಿನಿಂದಲೇ ಆದದ್ದು ಅಂತ ಅವರು ಆಡಿಕೊಳ್ಳಲಿಲ್ಲ.

"ಅವನು ಓದ್ತಾನೋ ಇಲ್ವೋ, ಒಂದು ಕೆಟ್ಟ ಪ್ಯಾಚ್ ಕಳಿಸಿ ನೋಡೋಣ. ಏನೂ ಒಳಗೆ ಸೇರದ ಹಾಗೆ ನಾನು ಬೀಗ ಹಾಕಿರ್ತೀನಿ," ಅಂದರು.

ಅಕ್ಕ ಬೇರೆ ಹೆಸರಿನಲ್ಲಿ ಪ್ಯಾಚ್ ಕಳಿಸಿದಳು. ಅದು ಸೇರಿದರೆ ಲೇಬಲ್ ಮೇಲೆ ರೋಗಿಯ ಹೆಸರೇ ಬರುತ್ತಿರಲಿಲ್ಲ. ಒಮ್ಮೆ ಕಣ್ಣಾಡಿಸಿದರೂ ಸಾಕಿತ್ತು, ಗೊತ್ತಾಗುತ್ತಿತ್ತು. ಕೈಲಿದ್ದ ಕಾಫಿ ಆರುವ ಮೊದಲೇ ಉತ್ತರ ಬಂತು: "ಚೆನ್ನಾಗಿದೆ, ಸೇರಿಸಬಹುದು."

ಅವತ್ತೇ ಅಕ್ಕ, ದೊಡ್ಡಪ್ಪ, ಚುರುಕಪ್ಪ ಮೂವರೂ ವಿಡಿಯೋ ಕರೆಯಲ್ಲಿ ಕೂತರು. ಚುರುಕಪ್ಪನ ಮುಖ ಅವಳು ಮೊದಲ ಸಲ ನೋಡಿದ್ದು. ಕಿವಿ ಹತ್ತಿರ ಕೂದಲು ನರೆತ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮನುಷ್ಯ.

"ಯಾಕೆ ಹೀಗೆ ಮಾಡಿದ್ರಿ?" ಅಕ್ಕ ನೇರವಾಗಿ ಕೇಳಿದಳು.

ಅವನು ತಲೆ ತಗ್ಗಿಸಿದ. "ಮೊದಮೊದಲು ಓದ್ತಾ ಇದ್ದೆ ಮೇಡಂ. ಆಮೇಲೆ ನಿಮ್ಮ ಬೋರ್ಡಿನ ತುದೀಲಿ ನನ್ನ ಹೆಸರು ಬಂತು. ಮನೇಲಿ ಕೆಲಸ ಇಲ್ದೆ ಕೂತೋನು ನಾನು. ಹೆಂಡತಿಗೆ ತೋರಿಸಿದೆ. ಅದು ಕೆಳಗಿಳೀಬಾರದು ಅನ್ನಿಸ್ತು."

"ಅಷ್ಟೇನಾ?"

"ಅಷ್ಟೇ."

ಚುರುಕಪ್ಪ ಕರೆ ಬಿಟ್ಟು ಹೋದ ಮೇಲೆ ಅಕ್ಕ ಕೇಳಿದಳು, "ನಂಬಬಹುದಾ ದೊಡ್ಡಪ್ಪಾ?"

"ನಂಬಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಅವನು ಒಪ್ಪಿದ್ದನ್ನೆಲ್ಲ ಮತ್ತೆ ಓದಲೇಬೇಕು. ಅರ್ಧ ನೀನು, ಅರ್ಧ ನಾನು."

ಓದಲು ಕೂತಾಗ, ದೊಡ್ಡಪ್ಪ ಒಂದೊಂದು ಪ್ಯಾಚಿಗೆ ಯಾಕಷ್ಟು ಹೊತ್ತು ಹಿಡಿಯುತ್ತಿದ್ದರು ಅನ್ನುವುದು ಅಕ್ಕನಿಗೆ ಅರ್ಥವಾಯಿತು. ಅವರ ಮೇಲಿದ್ದ ಅನುಮಾನ ಸದ್ದಿಲ್ಲದೆ ಕರಗಿತು. ಬೋರ್ಡಿನ ತುದಿಯಲ್ಲಿದ್ದ ಹೆಸರುಗಳನ್ನು ಅಳಿಸಿ, ಅಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಕಾಯುತ್ತಿರುವ ಪ್ಯಾಚ್ ಕಾಣುವಂತೆ ಮಾಡಿದಳು. ಇನ್ನು ಮೇಲೆ ಒಪ್ಪುವವರು ಏನನ್ನು ಪರೀಕ್ಷಿಸಿ ನೋಡಿದರು ಅನ್ನುವುದನ್ನು ಬರೆಯದೆ ಮುಂದೆ ಹೋಗುವಂತಿರಲಿಲ್ಲ.

ಕೆಲಕಾಲ ಚುರುಕಪ್ಪನ ಪತ್ತೆಯೇ ಇರಲಿಲ್ಲ. ಆಮೇಲೊಂದು ಬೆಳಿಗ್ಗೆ ಒಂದು ಪ್ಯಾಚ್ ಕೆಳಗೆ ಅವನ ಬರಹ ಕಂಡಿತು: "ಎರಡು ಸಲ ಓದಿದೆ, ನನಗೆ ಅರ್ಥವಾಗಲಿಲ್ಲ. ದಯವಿಟ್ಟು ಬೇರೆ ಯಾರಾದರೂ ನೋಡಿ."

ಇದು ನಿಜವೋ, ಇನ್ನೊಂದು ನಾಟಕವೋ? ಅಕ್ಕನಿಗೆ ಬಗೆಹರಿಯಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಆ ಪ್ಯಾಚನ್ನು ಮೊದಲ ಸಾಲಿನಿಂದ ತಾನೇ ಓದತೊಡಗಿದಳು.