ಬಿಡದ ಬ್ರೇಕು

ತಮ್ಮ ಓಡಿಸುವ ಮುಂದಾಳು ಗಾಡಿಯ ಹಿಂದಿನ ಬ್ರೇಕ್ ಪ್ಯಾಡುಗಳು ಈ ಸಲವೂ ಕಾಲಕ್ಕೆ ಮೊದಲೇ ಸವೆದುಹೋಗಿದ್ದವು. ಅಕ್ಕ ಅವನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಉಗುರಿನಷ್ಟು ತೆಳ್ಳಗಾಗಿದ್ದವು.

ಪಾಳುಬಿದ್ದ ಕಲ್ಲುಕ್ವಾರಿಯೊಂದರಲ್ಲಿ ಅಕ್ಕ ತಮ್ಮ ಸೇರಿ ಕ್ವಾಡ್ ಬೈಕ್ ಸವಾರಿ ನಡೆಸುತ್ತಿದ್ದರು. ರಜೆ ಬಂದರೆ ಪೇಟೆಯ ಜನ ಬಂದು, ದಪ್ಪ ಟಯರಿನ ಆ ನಾಲ್ಕು ಚಕ್ರದ ಗಾಡಿಗಳನ್ನೇರಿ ಜಲ್ಲಿ ದಿಣ್ಣೆಗಳನ್ನು ಹತ್ತಿಳಿಯುತ್ತಿದ್ದರು. ದಾರಿ ತೋರಿಸುತ್ತ ಮುಂದೆ ಹೋಗುವವನು ತಮ್ಮ. ಶೆಡ್ಡಿನಲ್ಲಿ ಕುಳಿತು ರಿಪೇರಿ ಮಾಡುವವಳು ಅಕ್ಕ. ತಮ್ಮನಿಗೆ ರೇಸಿನ ದಿನಗಳಿಂದಲೂ ‘ಬಿರುಗಾಳಿ’ ಎಂಬ ಹೆಸರು ಅಂಟಿಕೊಂಡಿತ್ತು. “ಬ್ರೇಕ್ ಇರೋದು ಗಾಡಿ ನಿಲ್ಸೋಕೆ. ಓಡ್ಸೋವಾಗ ಅದರ ಸಹವಾಸಕ್ಕೆ ಹೋಗ್ಬೇಡಿ” ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದ.

“ಉಳಿದ ಗಾಡಿಗಳು ಚೆನ್ನಾಗೇ ಇವೆಯಲ್ಲೋ. ನಿಂದೊಂದಕ್ಕೇ ಏನು ಬಂತು?” ಅಕ್ಕ ಕೇಳಿದಳು.

“ಮುಂದೆ ಹೋಗೋನು ನಾನು. ಕೆಸರೆಲ್ಲ ಮೊದ್ಲು ನಂಗೇ ತಾನೇ ಸಿಗೋದು?”

“ಕೆಸರು ಹಾರೋದು ಹಿಂದೆ ಬರೋರಿಗೆ ಕಣೋ, ಮಂಕೇ.”

“ಹಾಗಾದ್ರೆ ಮಾಲೇ ಕಳಪೆ. ಆ ಅಂಗಡಿಯವನು ನಿನ್ನ ಕಿವಿ ಮೇಲೆ ಹೂ ಇಟ್ಟಿದಾನೆ.”

“ಹೂಂ, ಇರಬಹುದು” ಎಂದಳು ಅವಳೂ. ಬಿಡಿಭಾಗದ ಅಂಗಡಿಯವನ ಜೊತೆ ಗಂಟಲು ಹರಿಯುವಂತೆ ಜಗಳವಾಡಿ ಬೇರೆ ಕಂಪನಿಯ ಪ್ಯಾಡು ತಂದಳು. ಪ್ಯಾಡನ್ನು ಒತ್ತುವ ಕ್ಯಾಲಿಪರ್ ಸಿಕ್ಕಿಕೊಳ್ಳುತ್ತಿದೆಯೇನೋ ಎಂದು ಬಿಚ್ಚಿ, ಮರಳು ತೊಳೆದು, ಗ್ರೀಸು ಹಚ್ಚಿದಳು. ಡಿಸ್ಕನ್ನೂ ಬದಲಾಯಿಸಿ ನೋಡಿದಳು. ಹೊಸ ಪ್ಯಾಡುಗಳೂ ಹಾಗೇ ಕರಗಿದವು.

ಒಂದು ಮಧ್ಯಾಹ್ನ ಸವಾರಿ ಮುಗಿಸಿ ಬಂದ ಹೆಂಗಸೊಬ್ಬಳು ಹೆಲ್ಮೆಟ್ ವಾಪಸು ಕೊಡುತ್ತ, “ನಿಮ್ಮ ವ್ಯವಸ್ಥೆ ತುಂಬಾ ಚೆನ್ನಾಗಿದೆ ರೀ” ಎಂದಳು. “ಆ ಧೂಳಲ್ಲಿ ಏನೂ ಕಾಣ್ತಿರ್ಲಿಲ್ಲ. ನಿಮ್ಮ ತಮ್ಮನ ಗಾಡಿಯ ಹಿಂದಿನ ಕೆಂಪು ದೀಪ ಉರೀತಾನೇ ಇತ್ತಲ್ಲ, ಅದನ್ನೇ ನೋಡ್ಕೊಂಡು ಬಂದ್ವಿ.”

ಅಕ್ಕ ನಕ್ಕು ತಲೆಯಾಡಿಸಿದಳು. ಆದರೆ ಆ ದೀಪ ಉರಿಯುವುದು ಬ್ರೇಕ್ ಹಿಡಿದಾಗ ಮಾತ್ರ.

ಮುಂದಿನ ಗುಂಪು ಹೊರಟಾಗ ಅವಳೂ ಒಂದು ಗಾಡಿ ಹತ್ತಿ ತಮ್ಮನ ಬೆನ್ನ ಹಿಂದೆಯೇ ಹೋದಳು. ಇಳಿಜಾರಿನಲ್ಲಿ ದೀಪ ಹತ್ತಿತು. ಇಳಿಜಾರು ಮುಗಿದು ಮಟ್ಟಸ ನೆಲ ಬಂದರೂ ಆರಲಿಲ್ಲ. ಇಂಜಿನ್ನು ಏದುಸಿರು ಬಿಡುತ್ತ ಬಿಗಿದ ಚಕ್ರಗಳನ್ನು ಎಳೆಯುತ್ತಿತ್ತು. ಅವನ ಎಡಗೈ ಬೆರಳುಗಳು ಬ್ರೇಕಿನ ಹಿಡಿಯನ್ನು ಕಚ್ಚಿಕೊಂಡಿದ್ದವು.

ಅಪ್ಪನ ಕೈ ಅದು. ಅಪ್ಪ ದರ್ಜಿಯಾಗಿದ್ದ. ಬಟ್ಟೆ ಕತ್ತರಿಸಿ ಮುಗಿದರೂ ಕತ್ತರಿ ಅವನ ಬೆರಳುಗಳಿಂದ ಬಿಡಿಸಿಕೊಳ್ಳುತ್ತಿರಲಿಲ್ಲ. ಇನ್ನೊಂದು ಕೈಯಿಂದ ಬಿಡಿಸಬೇಕಿತ್ತು. ಕೊನೆಕೊನೆಗೆ ಕತ್ತರಿ ಎತ್ತಲೂ ಅವನಿಗೆ ಶಕ್ತಿ ಉಳಿದಿರಲಿಲ್ಲ.

ಬಂದವರೆಲ್ಲ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಾಗ ಅವಳು ತಮ್ಮನ ಬೆರಳುಗಳನ್ನು ಹಿಡಿಯಿಂದ ಒಂದೊಂದಾಗಿ ಬಿಡಿಸಿದಳು.

“ಯಾವಾಗಿಂದ?”

“ಚಳಿ ಶುರುವಾದಾಗಿಂದ. ಇಲ್ಲ, ಅದಕ್ಕೂ ಮುಂಚೆ. ಬಿಡು ಅಂತೀನಿ ಅಕ್ಕ, ಅದು ಬಿಡಲ್ಲ.”

“ಮತ್ತೆ ಮಾಲು ಕಳಪೆ ಅಂದೆ?”

“ನೀನೂ ಹೂಂ ಅಂದ್ಯಲ್ಲ.”

ಟೀ ಕುಡಿದ ಮೇಲೂ ಅವನು ಲೋಟ ಕೆಳಗಿಡಲು ಒದ್ದಾಡುವುದನ್ನು ಅವಳು ಕಂಡಿದ್ದಳು. ಕಂಡೂ ಕಾಣದವಳಂತೆ ಎದ್ದು ಹೋಗಿದ್ದಳು.

ಡಾಕ್ಟರು ಪುಟ್ಟ ಸುತ್ತಿಗೆಯಿಂದ ಅವನ ಅಂಗೈಗೆ ತಟ್ಟಿದರು. ಹೆಬ್ಬೆರಳು ಒಳಕ್ಕೆ ಮಡಚಿಕೊಂಡಿತು. ಮತ್ತೆ ಬಿಚ್ಚಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

“ಬಿಗಿತ ಸಡಿಲಿಸೋಕೆ ಮಾತ್ರೆ ಕೊಡ್ತೀನಿ” ಎಂದರು ಅವರು. “ಶಕ್ತಿ ಕುಗ್ಗೋದನ್ನ ತಡೆಯೋಕೆ ಔಷಧಿ ಇಲ್ಲ. ಗಾಡಿ ಇನ್ನು ಬೇಡ. ಇದು ವಂಶದಲ್ಲಿ ಬರೋ ಸ್ನಾಯು ಕಾಯಿಲೆ. ತಂದೆಗೂ ಇತ್ತು ಅಂದ್ರಲ್ಲ, ನೀವೂ ಕೈ ಕೊಡಿ ನೋಡೋಣ.”

ಅಕ್ಕನ ಹೆಬ್ಬೆರಳು ತಟ್ಟನೆ ಹಿಂದಕ್ಕೆ ಬಂತು. ನೂರಕ್ಕೆ ನೂರು ಹೇಳಲಾಗದು, ಆದರೆ ಸದ್ಯಕ್ಕೇನೂ ಕಾಣುತ್ತಿಲ್ಲ ಎಂದರು ಡಾಕ್ಟರು.

“ಸದ್ಯ, ಒಬ್ಬರಾದ್ರೂ ಬಚಾವಾದ್ವಿ” ಎಂದು ತಮ್ಮ ನಕ್ಕ. ಅವಳಿಗೆ ತನ್ನ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಅಂದಿನಿಂದ ಸವಾರಿಯಲ್ಲಿ ಅಕ್ಕನೇ ಮುಂದೆ ಹೋಗತೊಡಗಿದಳು. ತಮ್ಮ ಬಾಗಿಲಲ್ಲಿ ನಿಂತು ಹೆಲ್ಮೆಟ್ ಕೊಡುತ್ತಿದ್ದ. ಸ್ವಲ್ಪ ದಿನಕ್ಕೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುವುದೂ ಅವನಿಂದ ಆಗದಾಯಿತು. “ನಾನೇ ಹಾಕ್ಕೋತೀನಿ ಬಿಡಿ” ಎಂದು ಬಂದವರು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಳ್ಳುತ್ತಿದ್ದರು. ಅವನು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ.

ಒಂದು ಸಂಜೆ ಜನವೆಲ್ಲ ಹೋದ ಮೇಲೆ, “ಒಂದು ಸುತ್ತು ಕರ್ಕೊಂಡ್ಹೋಗೇ, ಹಿಂದೆ ಕೂತ್ಕೋತೀನಿ” ಎಂದ. ಅವಳು ಮೆಲ್ಲಗೆ ಹೊರಟಳು.

“ಇದೇನು ಮೆರವಣಿಗೇನಾ? ಇದಕ್ಕಿಂತ ನಡ್ಕೊಂಡೇ ಬರ್ತಿದ್ದೆ.”

ಅವಳು ವೇಗ ಹೆಚ್ಚಿಸಿದಳು. ಜಲ್ಲಿ ಚಿಮ್ಮಿತು. ದಿಣ್ಣೆಯ ನೆತ್ತಿಯಲ್ಲಿ ಗಾಡಿ ನೆಲ ಬಿಟ್ಟಾಗ ಅವನು ಚಿಕ್ಕಂದಿನ ಹಾಗೆ ಕೂಗಿಕೊಂಡ. ಶೆಡ್ಡಿನ ಮುಂದೆ ಇಂಜಿನ್ ಆರಿಸಿ ಇಳಿಯಲು ನೋಡಿದರೆ ಅವಳಿಗೆ ಇಳಿಯಲಾಗಲಿಲ್ಲ. ಅವಳ ಸೊಂಟ ಬಳಸಿದ್ದ ಅವನ ಕೈಗಳು ಜಾಕೀಟನ್ನು ಹಿಡಿದು ಕಲ್ಲಾಗಿದ್ದವು.

“ಅವಸರ ಮಾಡ್ಬೇಡ, ತಾನೇ ಬಿಡತ್ತೆ” ಎಂದ ಅವನು.

“ನಂಗೇನವಸರ” ಎಂದಳು. ಅವನ ಹಣೆ ಅವಳ ಬೆನ್ನಿಗೆ ಒರಗಿತ್ತು. ಅಲ್ಲಿ ಜಾಕೀಟು ಒದ್ದೆಯಾಗುತ್ತಿರುವುದು ಗೊತ್ತಾದರೂ ಅವಳು ತಿರುಗಲಿಲ್ಲ.

ಮಳೆಗಾಲಕ್ಕೆ ಮುಚ್ಚಿದ ಕ್ವಾರಿ ಮತ್ತೆ ತೆರೆಯಲಿಲ್ಲ. ಗಾಡಿಗಳನ್ನು ಯಾರೋ ಕೊಂಡು ಲಾರಿಯಲ್ಲಿ ಹೇರಿಕೊಂಡು ಹೋದರು. ಅಕ್ಕ ಊರೊಳಗಿನ ಗ್ಯಾರೇಜಿಗೆ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಹೊರಡುವ ಮುಂಚೆ ತಮ್ಮನ ಅಂಗಿಯ ಗುಂಡಿ ಹಾಕಿ, ನೀರಿನ ಬಾಟಲಿಯ ಮುಚ್ಚಳ ಸಡಿಲಿಸಿ ಅವನ ಕೈಗೆಟುಕುವಲ್ಲಿ ಇಟ್ಟು ಹೋಗುತ್ತಾಳೆ. ಒಂದೊಂದು ದಿನ ಅವಳು ವಾಪಸು ಬಂದಾಗಲೂ ಬಾಟಲಿ ತುಂಬಿಯೇ ಇರುತ್ತದೆ. “ಬಾಯಾರಿಕೆ ಆಗ್ಲಿಲ್ಲ ಕಣೇ” ಅನ್ನುತ್ತಾನೆ ಅವನು.